ಹೊಂಗೆ ಸೊಪ್ಪಿನ ಗುರುತು

ಜುಲೈ ೧೪, ಸೋಮವಾರ

ಬೆಳಿಗ್ಗೆ ಬೆಟ್ಟದ ಬುಡದ ಜಲ್ಲಿ ದಾರಿ ಕವಲೊಡೆಯುವಲ್ಲಿ, ಒಂದು ಕಲ್ಲಿನ ಕೆಳಗೆ ಹೊಂಗೆ ಸೊಪ್ಪು ಇಟ್ಟಿದ್ದರು. ಇನ್ನೂ ಬಾಡಿರಲಿಲ್ಲ. ಮುಂದೆ ಹೋದವರು ಹಿಂದೆ ಬರುವವರಿಗೆ ಇಡುವ ಗುರುತು. ಹೆದ್ದಾರಿ ತಪ್ಪಿಸಿ ಗುಂಡ್ಲುಪೇಟೆಗೆ ಹೋಗುವ ಒಳದಾರಿ ಇದೇ ಇರಬೇಕೆಂದುಕೊಂಡು, ಯಾರನ್ನೂ ಕೇಳಲು ನಾಚಿ, ಸೈಕಲ್ಲನ್ನು ಅತ್ತ ತಿರುಗಿಸಿದೆ.

ಹೋಗಿ ನಿಂತದ್ದು ಚೆಂಡು ಹೂವಿನ ಹೊಲದಲ್ಲಿ. ಕವಲಿನ ಸೊಪ್ಪು ನೋಡಿ ಬಂದೆ ಎಂದೆ.

“ಅದು ನಮ್ ಆಳುಗೋಳ್ಗೆ ಇಟ್ಟಿದ್ ಸೊಪ್ಪು ಕಣಮ್ಮಿ! ಹೂ ಕುಯ್ಯಕ್ ಬಂದ್ಯಾ? ಕುಕ್ಕೆ ಎಲ್ಲಿ?” ಹೊಲದ ಒಡತಿ ಸಣ್ಣಮ್ಮ ನಕ್ಕರು.

“ಪೇಟೆಗೆ, ಲೈಬ್ರರಿ ಕೆಲಸಕ್ಕೆ” ಎಂದೆ, ತಲೆ ಎತ್ತದೆ.

“ಇಂಗೇ ಕೆರೆ ಏರಿ ಮ್ಯಾಲೆ ಓಗು. ಒಂದ್ ಲಾರಿನೂ ಬರಾಕಿಲ್ಲ ಬುಡು.”

ಬರಲೂ ಇಲ್ಲ. ಹೋದ ವಾರ ಹೆದ್ದಾರಿಯಲ್ಲಿ ತರಕಾರಿ ಲಾರಿಯೊಂದು ಮೊಣಕೈ ಸವರಿಕೊಂಡು ಹೋದಂದಿನಿಂದ ಸೈಕಲ್ ಹತ್ತಿದರೆ ಮಾರಿಗೊಮ್ಮೆ ಹಿಂತಿರುಗಿ ನೋಡುತ್ತಿದ್ದೆ. ನಮ್ಮೂರಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಕೆಲಸ ಬಿಡುತ್ತೇನೆಂದು ಪತ್ರವನ್ನೂ ಬರೆದಾಗಿತ್ತು. ಇವತ್ತು ಪೇಟೆ ಮುಟ್ಟುವವರೆಗೂ ಚಕ್ರದಡಿಯ ಜಲ್ಲಿಯ ಸದ್ದು ಮಾತ್ರ. ಅರ್ಧ ಗಂಟೆ ತಡವಾಯಿತು, ಆದರೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಇಳಿದಾಗ ಗೊತ್ತಾಯಿತು, ದಾರಿಯುದ್ದಕ್ಕೂ ಏನನ್ನೋ ಗುನುಗುತ್ತಾ ಬಂದಿದ್ದೆ. ಎಷ್ಟು ದಿನವಾಗಿತ್ತು!

ಪತ್ರ ಚೀಲದಲ್ಲೇ ಇದೆ. ಕೊಡುವುದಿಲ್ಲ. ನಾಳೆಯಿಂದ ಅರ್ಧ ಗಂಟೆ ಮುಂಚೆ ಏಳುತ್ತೇನೆ, ಅಷ್ಟೆ.