ಖಾಲಿ ಸಿಲಿಂಡರ್ ಹೊತ್ತು ಬಂದವನು

ಮೆಕ್ನೆಸ್, ಹಳೇಪೇಟೆ
೧೭ ಮೇ ೨೦೨೦, ರಮದಾನಿನ ಕೊನೆಯ ವಾರ

ಪ್ರೀತಿಯ ತಾಮು,

ನೀನೂ, ಮಗಳು ಇಕ್ರಾಮಳೂ, ನಾನಿನ್ನೂ ಎತ್ತಿ ಆಡಿಸದ ಮೊಮ್ಮಗನೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಮತ್ತು ನಿನ್ನ ಬೆಕ್ಕು ದೇವರ ದಯೆಯಿಂದ ಸೌಖ್ಯ. ಕಾಗದ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ದಿನಾ ಫೋನಿನಲ್ಲಿ ಮಾತಾಡುವ ಗಂಡ ಕಾಗದ ಬರೆದನೆಂದರೆ ನೀನು ಮೊದಲು ಎದೆ ಹಿಡಿದುಕೊಳ್ಳುತ್ತೀ. ಬೇಡ. ಜ್ವರವಿಲ್ಲ, ಕೆಮ್ಮಿಲ್ಲ, ಮೂಗಿಗೆ ಎಲ್ಲ ವಾಸನೆಯೂ ಹೊಡೆಯುತ್ತಿದೆ, ಬೆಕ್ಕಿನದೂ ಸೇರಿ. ಆದರೆ ಫೋನಿನಲ್ಲಿ ಇದನ್ನು ಹೇಳುವುದು ಹೇಗೆ? ಇಕ್ರಾಮ್ ಅದನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಡುತ್ತಾಳೆ. ಆಮೇಲೆ ನಾನು ನಿನಗೆ ಹೇಳಿದ್ದಕ್ಕೆ ಅಳಿಯ, ಬೀಗಿತ್ತಿ, ಕುಕ್ಕರು ಎಲ್ಲರೂ ಉತ್ತರ ಕೊಡುತ್ತಾರೆ. ಊರಿಂದೂರಿಗೆ ಮನುಷ್ಯರು ಹೋಗುವಂತಿಲ್ಲ, ಈರುಳ್ಳಿ ಹೋಗಬಹುದು. ಅದಕ್ಕೆ ಈರುಳ್ಳಿ ಲಾರಿಯ ಮಿಲೂದನ ಕೈಯಲ್ಲಿ ಈ ಕಾಗದವನ್ನು ನೀವಿರುವ ಔಜ್ದಾಕ್ಕೆ ಕಳಿಸುತ್ತಿದ್ದೇನೆ. ಘಾಟು ಹೊಡೆದರೆ ಅದು ನನ್ನ ಶೈಲಿಯದಲ್ಲ.

ನಿನ್ನಿಂದ ಒಂದು ಉಪಕಾರವಾಗಬೇಕು. ಅಲ್ಲಾಲ್ ನನ್ನ ಫೋನ್ ಎತ್ತುತ್ತಿಲ್ಲ. ನೀನು ಅವನ ಹೆಂಡತಿ ಯಾಮ್ನಾಗೆ ಫೋನ್ ಮಾಡಿ ನನ್ನ ಪರವಾಗಿ ನಾಲ್ಕು ಮಾತು ಹೇಳಬೇಕು. ಯಾವ ಮಾತು ಎಂಬುದನ್ನು ಕೆಳಗೆ ಬರೆದಿದ್ದೇನೆ. ಹಬ್ಬ ಹತ್ತಿರ ಬಂತು. ಅಲ್ಲಾಲ್ ಬಂದು ನನ್ನ ಭುಜಕ್ಕೆ ಗುದ್ದದೆ ಯಾವ ಹಬ್ಬವೂ ಈ ಮನೆಯಲ್ಲಿ ಶುರುವಾದದ್ದಿಲ್ಲ.

ಅಷ್ಟಕ್ಕೂ ಏನಾಯಿತೆಂದರೆ, ಸಣ್ಣ ಅಪರಾಧಗಳಿಂದ ಶುರು ಮಾಡುತ್ತೇನೆ. ಮನೆಗೊಬ್ಬರೇ ಹೊರಗೆ ಹೋಗಬೇಕು ಎಂದು ಸರಕಾರ ಹೇಳಿದಾಗ ನಾನು ಮನೆಯೊಳಗೆ ಅತ್ತಿತ್ತ ನೋಡಿದೆ. ಪೇಟೆಯ ಉಸ್ತುವಾರಿಯ ಸರಕಾರಿ ಮನುಷ್ಯ, ಮುಕದ್ದಮ, ಬೆಕ್ಕಿನ ಹೆಸರಿಗೆ ಪರವಾನಗಿ ಚೀಟಿ ಕೊಡಲು ಒಪ್ಪಲಿಲ್ಲ. ಹೀಗಾಗಿ, ಮದುವೆಯಾದಂದಿನಿಂದ ಒಂದು ಕಟ್ಟು ಕೊತ್ತಂಬರಿಯನ್ನೂ ಆರಿಸಿ ತಂದು ಗೊತ್ತಿಲ್ಲದ ನಾನು ಈ ಮನೆಯ ಅಧಿಕೃತ ಸಾಮಾನು ತರುವವನಾದೆ. ಅಂಗಡಿಯ ಮಾಸ್ಕು ನನ್ನ ಗಡ್ಡಕ್ಕೆ ಸಾಲುತ್ತಿರಲಿಲ್ಲ. ನಿನ್ನ ಪೆಟ್ಟಿಗೆಯಲ್ಲಿ ನಿಮ್ಮಜ್ಜಿಯ ಕಸೂತಿಯ ಚಹಾ ವಸ್ತ್ರವೊಂದಿತ್ತಲ್ಲ. ಇತ್ತು ಎಂದೆ, ಗಮನಿಸು. ಈಗ ಅದರಿಂದ ಕೆಲವು ಒಳ್ಳೆಯ ಮಾಸ್ಕುಗಳಾಗಿವೆ. ಕಿವಿಗೆ ಹಾಕುವ ಎಲಾಸ್ಟಿಕ್ ಎಲ್ಲಿಂದ ಬಂತೆಂದು ಕೇಳಬೇಡ, ನಿನ್ನ ಪೈಜಾಮಗಳನ್ನು ಎಣಿಸಲೂ ಬೇಡ.

ತಂದದ್ದನ್ನೆಲ್ಲ ತೊಳೆಯಬೇಕೆಂದು ಟಿವಿಯಲ್ಲಿ ಹೇಳಿದರು. ನಾನು ಪುದೀನವನ್ನು ಪಾತ್ರೆ ಸೋಪಿನಲ್ಲಿ ತೊಳೆದೆ. ಸಂಜೆ ಉಪವಾಸ ಬಿಟ್ಟು, ಚಹಾದ ಕೆಟಲನ್ನು ನಿನ್ನ ಹಾಗೆಯೇ ತೋಳಿನಷ್ಟು ಎತ್ತರಕ್ಕೆ ಎತ್ತಿ ಸುರಿದಾಗ ಲೋಟದಲ್ಲಿ ಎದ್ದ ನೊರೆಯನ್ನು ಈ ವಂಶದಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ನನ್ನ ಕೈಗುಣಕ್ಕೆ ನಾನೇ ಬೆರಗಾಗಿ ಎರಡನೆಯ ಲೋಟವನ್ನೂ ಕುಡಿದೆ. ಮುಂದಿನದನ್ನು ಹೆಂಡತಿಗೂ ಬರೆಯಬಾರದು.

ಇಷ್ಟರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ನಿವೃತ್ತನಾದ ರೇಖಾಗಣಿತದ ಮೇಷ್ಟರ ಕೈಗೆ ಒಂದು ರೋಗ ಮತ್ತು ಒಂದು ಡಬ್ಬ ಸುಣ್ಣ ಸಿಕ್ಕಿದರೆ ಏನಾಗುತ್ತದೆ ಹೇಳು. ದಿನಸಿ ಅಂಗಡಿಯ ಮುಂದೆ ಜನ ದೂರದೂರ ನಿಲ್ಲಲೆಂದು ನಾನೇ ವೃತ್ತಗಳನ್ನು ಬರೆದೆ. ಒಂದೊಂದೂ ಕೈವಾರ ಹಿಡಿದು ಎಳೆದಷ್ಟು ಗುಂಡಗೆ. ಮೂಗು ಹೊರಗಿಟ್ಟು ಮಾಸ್ಕ್ ಹಾಕಿದವರನ್ನು ಸಾಲಿನಿಂದ ಆಚೆ ಕಳಿಸಿದೆ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮಾತಾಡುವವರಿಗೆ, ಅದು ಗಡ್ಡಕ್ಕೆ ಕಟ್ಟುವ ಜೋಳಿಗೆಯಲ್ಲ ಎಂದು ಪಾಠ ಹೇಳಿದೆ. ಬೀದಿಯವರು ನನಗೆ ಆರೋಗ್ಯ ಮಂತ್ರಿ ಎಂದು ಹೆಸರಿಟ್ಟರು. ಪಕ್ಕದ ಮನೆಯ ಹಾಜ್ಜಾ ಗಿತಾಳಂತೂ ಒಂದು ದಿನ ಎಲ್ಲರ ಮುಂದೆ, "ಏನ್ ಮೇಷ್ಟ್ರೇ, ಲಲ್ಲಾ ತಾಮು ಮಗಳ ಬಾಣಂತನಕ್ಕೆ ಹೋಗಿದ್ದೇ ತಡ, ನೀವು ಇಡೀ ಬೀದಿಗೇ ಅತ್ತೆ ಆಗ್ಬಿಟ್ರಲ್ಲ" ಅಂದಳು. ನಾನು ಮಾಸ್ಕಿನೊಳಗೆ ಮುಖ ಗಂಟಿಕ್ಕಿದಂತೆ ಮಾಡಿದೆ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು, ತಾಮು. ಶಾಲೆ ಬಿಟ್ಟ ಮೇಲೆ ನನ್ನ ಮಾತಿಗೆ ಜನ ನಿಂತಲ್ಲೇ ನಿಂತದ್ದು ಅದೇ ಮೊದಲು.

ಅಂಗಡಿಯಲ್ಲಿ ಈಗ ನಮ್ಮ ಹಮಾದ್ ಇಲ್ಲ. ಮದುವೆಗೆಂದು ಸೂಸ್ ಕಡೆಯ ತನ್ನ ಹಳ್ಳಿಗೆ ಹೋದವನು ದಾರಿಗಳು ಮುಚ್ಚಿ ಅಲ್ಲೇ ಸಿಕ್ಕಿಕೊಂಡಿದ್ದಾನೆ. ಅಂಗಡಿ ನೋಡಿಕೊಳ್ಳಲು ಬಂದವನು ಅವನ ಭಾವ, ಬಿಹಿ ಅಂತ. ಒಳ್ಳೆಯ ಮನುಷ್ಯ. ಆದರೆ ಅವನಿಗೆ ಇಲ್ಲಿ ಯಾರ ಮುಖವೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳೋಣವೆಂದರೆ ಯಾರಿಗೂ ಮುಖವಿಲ್ಲ. ಸಾಮಾನು ಕಡಿಮೆ ಬರುತ್ತಿತ್ತು, ಗ್ಯಾಸ್ ಸಿಲಿಂಡರ್ ಇನ್ನೂ ಕಡಿಮೆ. ಅದಕ್ಕೇ ನಮ್ಮ ಬೀದಿಯವರಿಗೆ ಮಾತ್ರ ಎಂದು ಕಟ್ಟುಪಾಡು ಮಾಡಿದ. ಹೊರಗಿನವರು ಯಾರಾದರೂ ಬಂದರೆ ಬೀದಿಯವರೊಬ್ಬರು 'ಇವರು ನಮ್ಮವರು' ಎಂದು ಹೇಳಬೇಕು. ಹಾಗೆ ಹೇಳುವ ಅಧಿಕಾರ, ಯಾರೂ ಕೊಡದಿದ್ದರೂ, ನನ್ನ ಬಳಿ ಬಂದು ಕೂತಿತು. ಬಿಹಿ ನನ್ನ ಕಡೆ ನೋಡುತ್ತಿದ್ದ, ನಾನು ತಲೆಯಾಡಿಸಿದರೆ ಸಕ್ಕರೆ, ಆಡಿಸದಿದ್ದರೆ ಇಲ್ಲ.

ಈ ಸಮಯದಲ್ಲೇ ಕೋಟೆಯ ದೊಡ್ಡ ಬಾಗಿಲಿನ ಆಚೆ, ಅಲ್ಲಾಲ್ ಮನೆಗೆ ಆಂಬುಲೆನ್ಸ್ ಬಂತು. ಬಿಳಿ ಬಟ್ಟೆ ತೊಟ್ಟವರು ಯಾಮ್ನಾಳನ್ನು ಕರೆದೊಯ್ದದ್ದನ್ನು ಕಂಡವರು ಇಬ್ಬರು, ಹೇಳಿದವರು ಊರೆಲ್ಲ. ಅವಳದ್ದು ಹಳೆಯ ಉಬ್ಬಸ. ಪರೀಕ್ಷೆ ಮಾಡಿ ಏನೂ ಇಲ್ಲವೆಂದು ಮನೆಗೆ ಕಳಿಸಿದರು. ಆಂಬುಲೆನ್ಸ್ ಬಂದದ್ದು ಎಲ್ಲರಿಗೂ ಗೊತ್ತಾಯಿತು, ಏನೂ ಇಲ್ಲವೆಂದದ್ದು ಯಾರಿಗೂ ಗೊತ್ತಾಗಲಿಲ್ಲ. ಅವರ ಬೀದಿಯ ಅಂಗಡಿಯವನು ಅಲ್ಲಾಲನನ್ನು ಕಂಡರೆ ಷಟರ್ ಎಳೆಯತೊಡಗಿದ. ಮನೆಯಲ್ಲಿ ಗ್ಯಾಸ್ ಮುಗಿಯಿತು. ಕೊನೆಗೆ ಅವನು ಖಾಲಿ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ಬೀದಿಯ ಅಂಗಡಿಗೆ ನಡೆದು ಬಂದ.

ಅಲ್ಲಾಲ್ ನನಗೆ ಏನಾಗಬೇಕು ಎಂದು ನಿನಗೆ ಹೇಳುವುದು ಹಾಸ್ಯಾಸ್ಪದ, ಆದರೂ ಈಗ ನನಗೇ ಹೇಳಿಕೊಳ್ಳಬೇಕೆನಿಸುತ್ತಿದೆ. ನಮ್ಮವ್ವ ನನ್ನ ಹೆತ್ತು ಬಾಣಂತಿ ಜ್ವರದಲ್ಲಿ ಮಲಗಿದಾಗ ಅವನವ್ವ ಒಂದು ಮೊಲೆಗೆ ಅವನನ್ನೂ ಇನ್ನೊಂದಕ್ಕೆ ನನ್ನನ್ನೂ ಹಾಕಿಕೊಂಡಳು. ಒಂದೇ ಹಾಲು ಕುಡಿದ ಮೇಲೆ ಅಣ್ಣತಮ್ಮಂದಿರೇ. ಅವನ ತಂಗಿಯರು ನನಗೂ ತಂಗಿಯರಾದದ್ದರಿಂದ ಬೇರೆ ದಾರಿಯಿಲ್ಲದೆ ನಾನು ನಿನ್ನನ್ನು ಕಟ್ಟಿಕೊಂಡೆ ಎಂದು ಅವನು ಪ್ರತಿ ಹಬ್ಬದ ಊಟಕ್ಕೂ ಹೇಳುತ್ತಾನೆ. ನೀನು ಪ್ರತಿ ಹಬ್ಬಕ್ಕೂ ಹೊಸದಾಗಿ ಕೋಪಿಸಿಕೊಳ್ಳುತ್ತೀ. ಈ ಬೀದಿಯಲ್ಲಿ ಆ ಜೋಕು ಕೇಳಿಸಿಕೊಳ್ಳದವರು ಯಾರಿದ್ದಾರೆ, ಹೊಸಬನಾದ ಬಿಹಿ ಒಬ್ಬನ ಹೊರತು.

ಅಂದು ನಾನು ಸಾಲಿನ ಮುಂದಿದ್ದೆ. ಹಿಂದಿನಿಂದ ಯಾರೋ ತಮ್ಮ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದರು. ಮಾಸ್ಕಿನ ಉಸಿರು ತಾಗಿ ನನ್ನ ಕನ್ನಡಕದ ತುಂಬ ಮಂಜು. ಮಾಸ್ಕಿನೊಳಗಿಂದ ಬಂದ ದನಿ ಹತ್ತಿ ತುರುಕಿದ ಹಾಗಿತ್ತು. ನೀವು ಯಾವ ಬೀದಿಯವರು ಎಂದು ಬಿಹಿ ಅವನನ್ನು ಕೇಳಿದ. ಅವನು ನನ್ನ ಕಡೆ ಕೈತೋರಿಸಿ, "ಬೆನೈಸಾ, ಇವರಿಗೆ ಹೇಳೋ, ನಾನು ಯಾರು ಅಂತ" ಅಂದ. ಗುರುತಾಗಲಿ ಎಂದೋ ಏನೋ, ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ಅಷ್ಟೇ ಸಾಕಾಯಿತು. ಮಾಸ್ಕ್ ಇಳಿಸಿದರು ಎಂದು ಒಬ್ಬರು, ಆಂಬುಲೆನ್ಸ್ ಮನೆಯವರು ಎಂದು ಹಾಜ್ಜಾ ಗಿತಾ, ಎಲ್ಲರೂ ವೃತ್ತ ಬಿಟ್ಟು ಗೋಡೆಗೆ ಅಂಟಿದರು. ಆ ಗದ್ದಲದಲ್ಲಿ ನಾನು ಕನ್ನಡಕ ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಅವನು ಖಾಲಿ ಸಿಲಿಂಡರ್ ಹೊತ್ತು ಮೂಲೆ ದಾಟುತ್ತಿದ್ದ. ಅವನ ನಡಿಗೆ ಕಂಡ ಮೇಲೆಯೇ ನನಗೆ ಗೊತ್ತಾದದ್ದು.

ಅಂದು ಸಂಜೆ ಅವರ ಮನೆಯಲ್ಲಿ ಒಲೆ ಹತ್ತಲಿಲ್ಲವಂತೆ. ಖರ್ಜೂರ ನೀರಿನಲ್ಲೇ ಉಪವಾಸ ಬಿಟ್ಟರಂತೆ. ಇದನ್ನು ಮಿಲೂದ್ ಹೇಳಿದ, ಅವನೂ ಅದೇ ಕಡೆಯವನು. ಮರುದಿನ ನಾನು ನಮ್ಮ ತುಂಬಿದ ಸಿಲಿಂಡರನ್ನು ಅವನ ಕೈಯಲ್ಲಿ ಕಳಿಸಿದೆ. ಅಲ್ಲಾಲ್ ಬಾಗಿಲಲ್ಲೇ ವಂದನೆ ಹೇಳಿ ವಾಪಸು ಕಳಿಸಿದ.

ಹಾಗಾಗಿ, ತಾಮು, ನೀನು ಯಾಮ್ನಾಗೆ ಹೀಗೆ ಹೇಳು. ಅವರ ಕನ್ನಡಕದ ತುಂಬ ಮಂಜು ಹಿಡಿದಿತ್ತಂತೆ, ಕಣ್ಣೇ ಕಾಣಲಿಲ್ಲವಂತೆ, ಸಕ್ಕರೆ ಕಾಯಿಲೆಯ ಮನುಷ್ಯನಿಗೆ ಉಪವಾಸದಲ್ಲಿ ತಲೆ ತಿರುಗುತ್ತಿತ್ತಂತೆ, ಈಗ ಕೂತಲ್ಲಿ ನಿಂತಲ್ಲಿ ಒದ್ದಾಡುತ್ತಾರೆ ಎನ್ನು. ಒದ್ದಾಟದ ವಿಷಯದಲ್ಲಿ ಎಷ್ಟು ಹೆಚ್ಚು ಹೇಳಿದರೂ ಸುಳ್ಳಾಗುವುದಿಲ್ಲ. ನಿನ್ನ ಮಾತನ್ನು ಯಾಮ್ನಾ ನಂಬುತ್ತಾಳೆ. ಅವಳು ನಂಬಿದರೆ ಅವನು ನಂಬುತ್ತಾನೆ.

ಮಗುವಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು, ಮಾಸ್ಕ್ ತೆಗೆದು. ಇಕ್ರಾಮಳಿಗೆ ಹಾಲು ಚೆನ್ನಾಗಿ ಬರಲಿ, ಅಳಿಯನ ಕೆಲಸ ಉಳಿಯಲಿ, ದೇವರು ನಿಮ್ಮೆಲ್ಲರ ಮೇಲೆ ನೆರಳಾಗಿರಲಿ, ದಾರಿಗಳು ಬೇಗ ತೆರೆದು ನಿನ್ನನ್ನು ಈ ಸೋಪಿನ ಚಹಾ ಕುಡಿಯುವವನ ಬಳಿಗೆ ಕರೆತರಲಿ.

ಇಂತಿ ನಿನ್ನ,
ಬೆನೈಸಾ

ಮತ್ತೆ ಬರೆದದ್ದು: ಲಾರಿಯ ಟೈರು ಹೋಗಿ ಮಿಲೂದ್ ಇವತ್ತು ಹೊರಡಲಿಲ್ಲ. ಅಂಟಿಸಿದ್ದ ಲಕೋಟೆಯನ್ನು ಅವನಿಂದ ವಾಪಸು ಇಸಿದುಕೊಂಡು ಬಿಚ್ಚಿದ್ದೇನೆ. ಯಾಮ್ನಾಗೆ ಫೋನ್ ಮಾಡಬೇಡ.

ನನ್ನದು ಓದುವ ಕನ್ನಡಕ. ಅದನ್ನು ಹಾಕಿಕೊಂಡು ನಾನು ಬೀದಿಗೆ ಹೋದದ್ದೇ ಇಲ್ಲ ಎಂಬುದು ನಿನಗೆ ಗೊತ್ತು. ಗೊತ್ತಿದ್ದವಳಿಗೇ ಈ ಸುಳ್ಳು ಬರೆದು, ಅದನ್ನು ನೀನೂ ಹೇಳಬೇಕೆಂದು ಕೇಳಿದೆನಲ್ಲ. ಅಂದು ಮಂಜು ಎಲ್ಲೂ ಇರಲಿಲ್ಲ. ಅವನನ್ನು ಬಾ ಎಂದು ಕರೆದದ್ದೂ ನಾನೇ. ಅವನ ಅಂಗಡಿಯವನು ಷಟರ್ ಎಳೆಯುತ್ತಾನೆಂದು ಫೋನಿನಲ್ಲಿ ನಗುತ್ತಾ ಹೇಳಿದ್ದ. ನಮ್ಮ ಬೀದಿಗೆ ಬಾ, ಇಲ್ಲಿ ನಾನು ಮಂತ್ರಿ ಅಂದಿದ್ದೆ.

ಅವನು ಮಾಸ್ಕ್ ಇಳಿಸಿದಾಗ ಗದ್ದಲವಾದದ್ದು ನಿಜ, ಆದರೆ ಅದು ಬೇಗ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ಅಲ್ಲಿದ್ದವರೆಲ್ಲ ನಮ್ಮಿಬ್ಬರನ್ನು ಬಲ್ಲವರೇ, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದರು. "ಮೇಷ್ಟ್ರೇ, ಇವರು ನಿಮ್ಮವರಾ?" ಎಂದು ಬಿಹಿ ಕೇಳಿದ. ಹೌದು ಅಂದರೆ ನಾಳೆಯಿಂದ ಜನ ನನ್ನ ವೃತ್ತದಿಂದಲೂ ದೂರ ಸರಿಯುತ್ತಾರೆ ಎಂದು ನನಗೆ ಹೊಳೆಯಿತು. ಅಲ್ಲಾಲ್ ಇಡೀ ಮುಖ ತೆರೆದು ನಗುತ್ತಾ ನಿಂತಿದ್ದ. ನಾನು, "ಇಲ್ಲಪ್ಪ, ನನಗೆ ಗೊತ್ತಿಲ್ಲ" ಅಂದೆ.

ಬೀದಿಯವರೆಲ್ಲ ನೆಲದ ಮೇಲಿನ ವೃತ್ತಗಳನ್ನು ನೋಡತೊಡಗಿದರು. ಬಿಹಿ ಸಂಶಯದಿಂದ ಇನ್ನೊಮ್ಮೆ ನನ್ನ ಕಡೆ ತಿರುಗಿದ. ಅಲ್ಲಾಲ್ ಅವನನ್ನು ತಡೆದ. ಮಾಸ್ಕನ್ನು ಮೇಲೆಳೆದು, ನಾನು ಹೇಳಿಕೊಟ್ಟ ಹಾಗೆಯೇ ಮೂಗಿನ ಮೇಲೆ ಒತ್ತಿಕೊಂಡು, "ಅವರನ್ಯಾಕೆ ಕೇಳ್ತೀಯಪ್ಪ, ತಪ್ಪು ನಂದೇ. ನಾನೇ ಬೇರೆ ಯಾರೋ ಅಂದ್ಕೊಂಡೆ" ಎಂದು ಹೇಳಿ ಹೋದ. ನನ್ನ ಮಾನವನ್ನು ಉಳಿಸಿ ಹೋದ, ತಾಮು. ಅಂದಿನಿಂದ ಹಾಜ್ಜಾ ಗಿತಾ ನನ್ನನ್ನು ಗೇಲಿ ಮಾಡುವುದನ್ನು ನಿಲ್ಲಿಸಿದ್ದಾಳೆ. ಬಹಳ ಮರ್ಯಾದೆಯಿಂದ ಮಾತಾಡುತ್ತಾಳೆ.

ನಾಳೆ ಬೆಳಿಗ್ಗೆ ಸಿಲಿಂಡರನ್ನು ನಾನೇ ಹೊತ್ತುಕೊಂಡು ಅವನ ಮನೆಗೆ ಹೋಗುತ್ತೇನೆ. ನಾನು ಕದ ತಟ್ಟಿದರೆ ಅವನು ಒಳಗಿನಿಂದ ಯಾರದು ಎನ್ನುತ್ತಾನೆ. ನಮ್ಮ ಊರಲ್ಲಿ ಅದಕ್ಕೆ ಯಾರೂ ಹೆಸರು ಹೇಳುವುದಿಲ್ಲ, 'ಹತ್ತಿರದವನು' ಎನ್ನುತ್ತಾರೆ, ಬಾಗಿಲು ತೆರೆಯುತ್ತದೆ. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಅದನ್ನೇ ಹೇಳಿದ್ದೇನೆ. ನಾಳೆ ಏನು ಹೇಳಲಿ ಎಂದು ನಿನಗೆ ಹೊಳೆದರೆ ತಿಳಿಸು. ಸ್ಪೀಕರಿಗೆ ಹಾಕಬೇಡ.