ಏಕಾದಶಿ ನಿಯಮದ ರದ್ದತಿ

ಹೊರ್ತಿಯಿಂದ ಅಗರಖೇಡದವರೆಗಿನ ಸಕಲ ರಾಕ್ಷಸರ ನಿದ್ದೆಗೆಡಿಸಿದ ಶ್ರೀಮನ್ಮಹಾವೀರಾಗ್ರಣಿ ಮಂಜರಿ ಅಕ್ಕನವರ ಸನ್ನಿಧಾನಕ್ಕೆ,

ಇಂಡಿಯಿಂದ ಸುಜಯನ ಸಾಷ್ಟಾಂಗ ನಮಸ್ಕಾರ.

ನಾನು ಕಥೆ ನಡೆಸಿ, ನೀವೆಲ್ಲ ಒಂದೊಂದು ಪಾತ್ರವಾಗಿ ದಾಳ ಉರುಳಿಸುವ ನಮ್ಮ ಕಥೆಯಾಟದಲ್ಲಿ ನೀನು ಎರಡು ವರ್ಷ ಬೆಳೆಸಿದ ವೀರರಾಣಿಯನ್ನು ನಾನು ಒಂದು ನಿಯಮ ಹೇಳಿ ಕೊಂದೆ. ರಾಕ್ಷಸನೊಡನೆ ಯುದ್ಧಕ್ಕೆ ಮುಂಚೆ ಅವಳು ಛತ್ರದಲ್ಲಿ ರೊಟ್ಟಿ ತಿಂದಿದ್ದಳು. ಏಕಾದಶಿಗೆ ಉಂಡವರ ಬಲ ಅರ್ಧ ಎಂದೆ.

“ಯಾವ ಪುಸ್ತಕದಾಗ ಬರದಾರೋ? ತೋರ್ಸು” ಎಂದು ನೀನು ಕೇಳಿದೆ. ನಾನು ಅಜ್ಜಿಯ ಪಂಚಾಂಗ ತೋರಿಸಿದೆ. ಎಲ್ಲರೂ ನಕ್ಕರು, ನೀನು ಎದ್ದು ಹೋದೆ. ಆಮೇಲೆ ಆಟಕ್ಕೆ ಬಂದೇ ಇಲ್ಲ.

ಆ ನಿಯಮ ಈಗ ರದ್ದು. ರಾಣಿಯ ಬಲ, ಆಯುಧಗಳನ್ನೆಲ್ಲ ನೀನು ಬರೆದಿಟ್ಟಿದ್ದ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಭಾನುವಾರ ಬಾ, ಆಟ ನೀನೇ ನಡೆಸು.

ನಿನ್ನ ತೀರ್ಪಿಗೆ ತಲೆಬಾಗಿದ ತಮ್ಮ,
ಸುಜಯ

ತಾ.ಕ.: ಅಂದು ನಿನ್ನ ದಾಳ ಬಿದ್ದ ರೀತಿಗೆ, ನಾನು ಮೂರು ತಿಂಗಳು ಕೂತು ಮಾಡಿದ ರಾಕ್ಷಸ ಒಂದೇ ಏಟಿಗೆ ಸಾಯುವವನಿದ್ದ. ನಿಯಮ ಹುಟ್ಟಿದ್ದು ಆಗಲೇ.