ಕಣ್ಣು ಮಾತ್ರ ಕಾಣುವ ಕೋಣೆ

ಹಂಪಾಪುರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಮಗಳು ಸಂಘಮಿತ್ರಳಿಗೆ, ನಿನ್ನಪ್ಪ ದೊಡ್ಡಮಾದಯ್ಯ ಬರೆಯುವುದು.

ಇಲ್ಲಿ ನಾವೆಲ್ಲ ಕ್ಷೇಮ ಅಂತ ಶುರು ಮಾಡಬೇಕು, ಎಲ್ಲರೂ ಹಾಗೇ ಮಾಡುತ್ತಾರೆ. ಕ್ಷೇಮವಾಗಿದ್ದರೆ ನಾನು ಯಾಕೆ ಪೆನ್ನು ಹಿಡಿಯುತ್ತಿದ್ದೆ? ಹಾಗಂತ ಯಾರೂ ಹಾಸಿಗೆ ಹಿಡಿದಿಲ್ಲ, ಹೆದರಬೇಡ. ನಿಮ್ಮವ್ವ ಮರಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಕ್ಕ ಪವಿತ್ರ ಓಡಾಡಿಕೊಂಡು ಚೆನ್ನಾಗಿದ್ದಾಳೆ. ವ್ಯಾನಿನ ಕ್ಲಚ್ಚು ಹೋಗಿತ್ತು, ಹಾಕಿಸಿದೆ. ಈಗ ಹಾಕಿಸಿದ್ದು ದಂಡ ಅಂತ ಆಮೇಲೆ ಗೊತ್ತಾಯಿತು.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಮೊನ್ನೆ ಮಾಡಿದಾಗ ನೀನು ಮೀಟಿಂಗಿನಲ್ಲಿದ್ದೀನಿ ಅಂದೆ, ನಾನು ಕಿರುಚಿದೆ, ನೀನು ಇಟ್ಟುಬಿಟ್ಟೆ. ನಿಮ್ಮವ್ವ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಿದಳು. ಕಾಗದದಲ್ಲಿ ಕಿರುಚಲು ಆಗುವುದಿಲ್ಲ. ಒಂದು ಸಾಲು ಬರೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಒತ್ತು ದೀರ್ಘ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ಹೊಂಗೆ ಮರದ ಕೆಳಗೆ ವ್ಯಾನು ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗಿಗೆ ಪುಸ್ತಕ ಒರಗಿಸಿಕೊಂಡು ಬರೆಯುತ್ತಿದ್ದೇನೆ.

ಬುಧವಾರ ಹುಣಸೂರಿನ ನಿಮ್ಮ ಕಂಪನಿಯ ಫ್ಯಾಕ್ಟರಿಯಲ್ಲಿ ಎಲ್ಲರನ್ನೂ ಕರೆದಿದ್ದರು. ಲೈನಿನ ಹೆಣ್ಣುಮಕ್ಕಳು, ಕ್ಯಾಂಟೀನಿನವರು, ಹೆಣ್ಣುಮಕ್ಕಳನ್ನು ಕರೆತರುವ ನನ್ನಂಥ ವ್ಯಾನಿನವರು. ಊಟದ ಮನೆಯ ಗೋಡೆಗೆ ಚಿತ್ರ ಬಿಟ್ಟರು. ನಿಮ್ಮ ಪುಣೆ ಆಫೀಸಿನ ಸಾಹೇಬರು ಇಂಗ್ಲಿಷಿನಲ್ಲಿ ಹೇಳುವುದು, ಇಲ್ಲಿಯ ಮ್ಯಾನೇಜರ್ ನಟರಾಜು ಅದನ್ನು ಕನ್ನಡ ಮಾಡುವುದು. ನನಗೆ ತಿಳಿದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ಹೇಳು. ನೀನು ಹೇಳಲೇಬೇಕು, ಯಾಕೆ ಅಂತ ಮುಂದೆ ಬರೆಯುತ್ತೇನೆ.

ಇವರು ಮಾಡುವ ಹಾರ್ಡ್ ಡಿಸ್ಕು ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಫೋಟೋ, ಲೆಕ್ಕ ಎಲ್ಲವನ್ನೂ ಕಾದಿಡುವ ಡಬ್ಬಿ. ಒಳಗೆ ಕನ್ನಡಿಯಂಥ ತಟ್ಟೆ ಸುತ್ತುತ್ತದೆ, ಅದರ ಮೇಲೆ ಒಂದು ಮುಳ್ಳು ತಾಗಿಯೂ ತಾಗದ ಹಾಗೆ ತೇಲುತ್ತದೆ. ಹುಣಸೂರಿನಲ್ಲಿ ಮಾಡುವುದು ಚಿಕ್ಕ ಡಬ್ಬಿ, ಮನೆಯ ಕಂಪ್ಯೂಟರಿಗೆ, ಅಂಗಡಿಯ ಕ್ಯಾಮೆರಾಕ್ಕೆ. ಈಗ ಲ್ಯಾಪ್‌ಟಾಪಿನವರು ತಟ್ಟೆಯೇ ಇಲ್ಲದ ಚಿಪ್ ಡಿಸ್ಕಿಗೆ ಹೋದರಂತೆ. ಜನರೂ ಫೋಟೋಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಎಲ್ಲೋ ದೂರದ ಗೋದಾಮುಗಳಲ್ಲಿ ಇಡುತ್ತಾರೆ. ಆ ಗೋದಾಮಿನವರು ಬೆರಳೆಣಿಕೆಯ ಜನ, ಅವರಿಗೆ ಬೇಕಾದದ್ದು ದೊಡ್ಡ ಡಬ್ಬಿ, ಒಂದರೊಳಗೇ ಹತ್ತು ತಟ್ಟೆ, ಒಳಗೆ ಬಲೂನಿಗೆ ತುಂಬುವ ಗಾಳಿ. ಅದರ ಮಿಷನ್ನು ಥಾಯ್ಲೆಂಡಿನಲ್ಲಿದೆ. ಆದ್ದರಿಂದ ಕಂಪನಿ ಚಿಕ್ಕದನ್ನು ಕೈಬಿಡುತ್ತದೆ. ದೊಡ್ಡದನ್ನೂ ಕೇಳಿದಷ್ಟು ಮಾಡುವುದಿಲ್ಲ, ಕೈ ಬಿಗಿಹಿಡಿದು ಮಾಡುತ್ತದೆ, ಆಗ ರೇಟು ಬೀಳುವುದಿಲ್ಲ. ದೀಪಾವಳಿ ಕಳೆದ ಮೇಲೆ ಹುಣಸೂರಿನ ಲೈನು ಇಲ್ಲ. ಇದಕ್ಕೆ ಸ್ಟ್ರಾಟಜಿ ಅನ್ನುತ್ತಾರೆ.

ನನಗೆ ಅರ್ಥವಾಗಲಿಲ್ಲ ಅಂದುಕೊಳ್ಳಬೇಡ. ಹೊಗೆಸೊಪ್ಪಿನ ನಾಡಿನಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೊಪ್ಪು ಕಮ್ಮಿ ಬಂದ ವರ್ಷ ರೇಟು ಏರುತ್ತದೆ, ಎಲ್ಲರೂ ಬೆಳೆದ ವರ್ಷ ಹರಾಜಿನಲ್ಲಿ ಮಾರದ ಬೇಲು ಹೊತ್ತುಕೊಂಡು ವಾಪಸ್ ಬರಬೇಕು. ಸಾಹೇಬರು ಹೇಳಿದ್ದರಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ. ಅದೇ ನನಗೆ ಬಂದಿರುವ ಕಷ್ಟ. ಸುಳ್ಳು ಹೇಳಿದ್ದರೆ ಎದ್ದು ಬೈಯಬಹುದಿತ್ತು.

ಮನೆಗೆ ಬಂದು ನಿಮ್ಮವ್ವನ ಮುಂದೆ ಕೂಗಾಡಿದೆ. ಕಂಪನಿಯವರಿಗೆ ಕರುಳಿಲ್ಲ ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಅಂತರಸಂತೆ ಕಡೆ ಮೂರೇ ಹೆಣ್ಮಕ್ಳು ಅಂತ ನೀನು ಟ್ರಿಪ್ಪು ನಿಲ್ಸಿದ್ಯಲ್ಲ, ಅವ್ರು ಯಾರ್ ಮುಂದೆ ಕೂಗಾಡುದ್ರು?” ಅಂದಳು.

ಡೀಸೆಲ್ಲಿನ ದುಡ್ಡೂ ಹುಟ್ಟುತ್ತಿರಲಿಲ್ಲ ಅಂದೆ. ಅವರದೂ ಅದೇ ಲೆಕ್ಕ ತಾನೇ ಅಂದಳು. ಇಂಥವಳ ಜೊತೆ ನಲವತ್ತು ವರ್ಷ ಬಾಳಿದ್ದೇನೆ.

ಈಗ ಮುಖ್ಯವಾದ ಮಾತು. ಮೀಟಿಂಗು ಮುಗಿದು ಎಲ್ಲರೂ ಹೊರಗೆ ಬರುವಾಗ ನಟರಾಜು ನನ್ನನ್ನು ಕೈ ಹಿಡಿದು ಪಕ್ಕಕ್ಕೆ ಕರೆದ. ಬೈಯುತ್ತಾನೇನೋ ಅಂದುಕೊಂಡೆ. ಅವನು ನನ್ನ ಕೈ ಕುಲುಕಿದ. ಈ ಪ್ಲಾನು ಪೂರ್ತಿ ನಿಮ್ಮ ಮಗಳದು, ಪುಣೆಯಲ್ಲಿ ಆಕೆ ಹೇಳಿ ಮುಗಿಸಿದಾಗ ದೊಡ್ಡ ದೊಡ್ಡವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ, ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಹೆಣ್ಣುಮಗಳು, ಎಂಥ ಹೆಮ್ಮೆ ಅಂದ. ಅವನ ಕೆಲಸವೂ ಹೋಗುತ್ತಿದೆ ಮಿತ್ರಾ. ಆದರೂ ಅವನ ಮುಖದಲ್ಲಿ ವ್ಯಂಗ್ಯ ಇರಲಿಲ್ಲ. ನಾನು ಏನು ಮಾಡಬೇಕಿತ್ತು? ಸಂತೋಷ ಸಾರ್ ಅಂದೆ.

ವ್ಯಾನಿಗೆ ಬಂದರೆ ಹುಡುಗಿಯರೆಲ್ಲ ಹತ್ತಿ ಕೂತಿದ್ದರು. ಸಂಜೆ ಹೊತ್ತು ನಮ್ಮ ವ್ಯಾನು ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ. ಫ್ಯಾಕ್ಟರಿಯ ಆ ಬಿಳಿ ಕೋಣೆಯೊಳಗೆ ಕುಂಕುಮ ಇಲ್ಲ, ಬಳೆ ಇಲ್ಲ, ಹೂವಿಲ್ಲ, ಪೌಡರಿಲ್ಲ. ಒಂದು ಧೂಳಿನ ಕಣ ಬಿದ್ದರೆ ತಟ್ಟೆ ಹಾಳು. ಅದಕ್ಕೇ ವಾಪಸ್ ಬರುವಾಗ ಎಲ್ಲರೂ ನನ್ನ ಕನ್ನಡಿ ತಮ್ಮ ಕಡೆ ತಿರುಗಿಸಿಕೊಂಡು ಕುಂಕುಮ ಇಟ್ಟುಕೊಂಡು, ಬಳೆ ಏರಿಸಿಕೊಂಡು, ಕೋಟೆ ಬರುವಷ್ಟರಲ್ಲಿ ಮತ್ತೆ ಹೆಂಗಸರಾಗುತ್ತಾರೆ. ನನಗೆ ಹಿಂದಿನ ಲಾರಿ ಕಾಣುವುದಿಲ್ಲ ಅಂತ ದಿನವೂ ಬೈಯುತ್ತೇನೆ. ಅವತ್ತು ಒಬ್ಬಳೂ ಕನ್ನಡಿ ಮುಟ್ಟಲಿಲ್ಲ.

ನಿಮ್ಮಕ್ಕ ಹೇಳಿ ನಾನು ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು. ಆ ಹೊಗೆಯ ಒಂದು ಕಣವೂ ಮುಳ್ಳಿನ ಕೆಳಗಿನ ಸಂದಿಗೆ ದೊಡ್ಡದಂತೆ, ಬಟ್ಟೆಗೆ ಅಂಟಿದರೆ ಒಳಗೆ ಬಿಡುವುದಿಲ್ಲವಂತೆ. ಅವತ್ತು ಗಾಡಿ ನಿಲ್ಲಿಸಿ ಅಂಗಡಿಯಲ್ಲಿ ಒಂದು ಕಟ್ಟು ತಗೊಂಡೆ. ಅವರ ಮುಂದೆಯೇ ಹಚ್ಚಿದೆ. ಯಾರಾದರೂ ಬೈಯಲಿ ಅಂತ ಕಾದೆ.

ಆಮೇಲೆ ಕೋಟೆ ಪೇಟೆಯ ಹುಮೇರಾ ಮಾತು ತೆಗೆದಳು. ಅವಳು ಬಾಯಿ ಮುಚ್ಚಿಕೊಂಡು ಇರುವವಳೇ ಅಲ್ಲ.

“ಮಾದಣ್ಣ, ನಿಮ್ ಮಗ್ಳು ಮ್ಯಾಲೆ ಕುಂತವ್ಳೆ. ಒಂದು ಮಾತು ಬರೀರಿ. ಅವ್ಳಿಗೆ ಗೊತ್ತಿದ್ರೆ ಇಂಗ್ ಆಗಕ್ಕೆ ಬುಡ್ತಿರ್ಲಿಲ್ಲ” ಅಂದಳು.

ಎಲ್ಲರೂ ಹೂಂ ಬರೀರಿ ಬರೀರಿ ಅಂದರು. ಪವಿತ್ರ ಮಾತ್ರ ಕಿಟಕಿ ಕಡೆ ನೋಡುತ್ತಿದ್ದಳು. ಬರೆಯುತ್ತೀನಿ ಅಂತ ಒಪ್ಪಿಕೊಂಡೆ. ಈ ಕಾಗದ ಅವರು ಬರೆಸಿದ್ದು. ಆದರೆ ಅವರು ಬರೆಯಲು ಹೇಳಿದ್ದನ್ನು ನಾನು ಬರೆಯುತ್ತಿಲ್ಲ. ನಟರಾಜು ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ, ನಿಮ್ಮವ್ವನಿಗೂ ಇಲ್ಲ, ಅಕ್ಕನಿಗಂತೂ ಇಲ್ಲ. ದಿನವೂ ಬೆಳಿಗ್ಗೆ ಹುಮೇರಾ ಹತ್ತುವಾಗ, ಮಿತ್ರಕ್ಕ ಏನಂದ್ಲು ಅಂತ ಕೇಳುತ್ತಾಳೆ. ನೋಡ್ತಾಳಂತೆ ಅನ್ನುತ್ತೇನೆ. ಗೇರು ಹಾಕುತ್ತೇನೆ.

ನನ್ನ ವ್ಯಾನಿನ ಚಿಂತೆ ನನಗಿಲ್ಲ. ಮದುವೆ ಬಾಡಿಗೆ ಹೊಡೆದುಕೊಂಡು ಇರುತ್ತೇನೆ. ಹುಮೇರಾನೂ ಹೊಲಿಗೆ ಕಲಿತಿದ್ದಾಳೆ. ನನ್ನ ಎದೆ ಒಡೆಯುವುದು ಪವಿತ್ರಳಿಗಾಗಿ. ಅವಳು ಪಿರಿಯಾಪಟ್ಟಣದ ಗಂಡನ ಮನೆ ಬಿಟ್ಟು ಯಾಕೆ ಬಂದಳು ಅಂತ ನಿನಗೆ ಗೊತ್ತು. ಗಂಡ ಮಾದೇಶ ಕೈ ಎತ್ತಿದ್ದನ್ನು ಮೊದಲು ನಿನಗೇ ಹೇಳಿದ್ದಳು, ನಮಗೆ ಆಮೇಲೆ. ಇಲ್ಲಿ ಬಂದು ಈ ಕೆಲಸ ಹಿಡಿದ ಮೇಲೆ ಅವಳು ತಲೆ ಎತ್ತಿ ನಡೆದಳು. ಈಗ ಮೀಟಿಂಗಿನ ಸುದ್ದಿ ಪಿರಿಯಾಪಟ್ಟಣಕ್ಕೆ ನಮಗಿಂತ ಮೊದಲು ಮುಟ್ಟಿದೆ. ಗುರುವಾರ ಮಾದೇಶನ ಫೋನು. ಕೆಲಸ ಹೋಯ್ತಂತಲ್ಲ, ಇನ್ನು ಬರ್ತಾಳೆ ತಾನೇ ಅಂದ. ನಕ್ಕುಕೊಂಡೇ ಕೇಳಿದ. ನಾನು ಬೈದೆ, ಅವನು ಇನ್ನೂ ನಕ್ಕ. ನಿನ್ನೆ ಶನಿವಾರ ಅವನ ದೊಡ್ಡಪ್ಪ ಸಣ್ಣಬೀರಯ್ಯ ಬಂದು ಜಗಲಿ ಮೇಲೆ ಕೂತು, ಹೆಣ್ಣುಮಗಳು ಎಷ್ಟು ದಿನ ಅಪ್ಪನ ಮನೆಯಲ್ಲಿ ಇರುವುದು ಅಂತ ನ್ಯಾಯ ಹೇಳಿಹೋದರು. ಪವಿತ್ರ ಒಳಗಿನಿಂದ ಕೇಳಿಸಿಕೊಂಡಳು. ಆಚೆಗೆ ಬಂದು ಅವರ ಲೋಟ ತೆಗೆದುಕೊಂಡು ಹೋದಳು, ಅಷ್ಟೇ. ನಾನು ಕೈ ಎತ್ತಿ ಹೊಡೆಯಬಹುದಾದ ವಯಸ್ಸು ದಾಟಿಹೋಗಿದೆ. ಆ ಮುದುಕರಿಗೂ ಅದು ಗೊತ್ತು.

ಅವಳ ಕೆಲಸ ಎಂಥದು ಅಂತ ನಿನಗೆ ಗೊತ್ತೋ ಇಲ್ಲವೋ. ನಾನು ಆ ಕೋಣೆ ನೋಡಿಲ್ಲ, ನನ್ನನ್ನು ಬಿಡುವುದಿಲ್ಲ. ಅವಳು ಹೇಳಿದ್ದು ಕೇಳಿದ್ದೇನೆ. ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ, ಮುಖಕ್ಕೆ ಮಾಸ್ಕು, ಕಣ್ಣು ಮಾತ್ರ ಹೊರಗೆ. ಮಾತಿಲ್ಲ. ಸೀನು ಬಂದರೆ, ಕೆಮ್ಮು ಬಂದರೆ, ಕಣ್ಣಲ್ಲಿ ನೀರು ಬಂದರೆ ಹೊರಗೆ ಹೋಗಬೇಕು. ನಿಮ್ಮಕ್ಕನ ಹಾಗೆ ಲೈನ್ ಲೀಡರ್ ಆದವಳು ಕೈ ನೀಡಿ ಬಾಗಿಲು ತೋರಿಸಿದರೆ ಎದುರು ಮಾತಾಡುವ ಹಾಗಿಲ್ಲ. ಹೋದ ವರ್ಷ ನಟರಾಜು ನೆಗಡಿ ಇಟ್ಟುಕೊಂಡು ಒಳಗೆ ಬಂದಾಗ ನಿಮ್ಮಕ್ಕ ಅವನಿಗೇ ಬಾಗಿಲು ತೋರಿಸಿದಳು, ಅವನು ಮಗುವಿನ ಹಾಗೆ ಹೊರಗೆ ಹೋದ. ಅವತ್ತು ವ್ಯಾನಿನಲ್ಲಿ ನಕ್ಕ ನಗು ನೀನು ಕೇಳಬೇಕಿತ್ತು.

ಈ ಆಷಾಢದಲ್ಲಿ ಹೆಡ್ಡಾಫೀಸಿನಿಂದ ಯಾರೋ ಬಂದು ಲೈನಿನ ಹಿಂದೆ ನಿಂತು ನೋಡಿಹೋದರಂತೆ. ನಮ್ಮ ಹುಡುಗಿಯರಿಗೆ, ಚೆನ್ನಾಗಿ ಮಾಡಿದರೆ ದೊಡ್ಡ ಡಬ್ಬಿಯ ಲೈನು ನಮಗೇ ಕೊಡುತ್ತಾರೆ ಅಂತ ಆಸೆ. ಸ್ಕೂಲಿಗೆ ಇನ್ಸ್‌ಪೆಕ್ಟರು ಬಂದ ದಿನ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುವುದಿಲ್ಲವೇ, ಹಾಗೆ ಜೀವ ಬಿಟ್ಟು ಮಾಡಿದರಂತೆ. ಅಷ್ಟರಲ್ಲಿ ನಿನ್ನ ಪ್ಲಾನು ಬರೆದು ಮುಗಿದಿತ್ತೋ ಏನೋ. ನಾನು ಕೇಳುವುದಿಲ್ಲ, ನೀನು ಹೇಳಬೇಡ.

ಪ್ಲಾನು ಬದಲಾಯಿಸು ಅಂತ ನಾನು ಬರೆಯುತ್ತಿಲ್ಲ. ನಿನ್ನ ಕೈಯಲ್ಲಿ ಆಗುವುದಿಲ್ಲ ಅಂತ ನನಗೆ ಗೊತ್ತು. ನೀನು ಬರೆಯದಿದ್ದರೆ ಇನ್ನೊಬ್ಬರು ಬರೆಯುತ್ತಿದ್ದರು, ಅದೂ ಗೊತ್ತು. ನೀನು ಎಂಟನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ನೂರಕ್ಕೆ ನೂರು ತಂದಾಗ ಹಂಪಾಪುರದ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದವನು ನಾನು. ಈಗ ಆ ಲೆಕ್ಕ ತಪ್ಪಾಗಲಿ ಅಂತ ಹೇಗೆ ಬೇಡಿಕೊಳ್ಳಲಿ?

ಒಂದೇ ಕೇಳುತ್ತೇನೆ. ಎರಡು ವರ್ಷದಿಂದ ಮನೆಗೆ ಬಂದಿಲ್ಲ. ಲೈನು ನಿಲ್ಲುವ ಮೊದಲು ಒಂದು ಸಲ ಬಾ. ನಿನ್ನ ಪ್ಲಾನಿನ ಕಾಗದದ ಮೇಲೆ ನಿನ್ನಕ್ಕ ಒಂದು ಅಂಕಿ. ಆ ಬಿಳಿ ಕೋಣೆಗೆ ಹೋಗಿ ಅವಳ ಹಿಂದೆ ಒಂದು ಗಳಿಗೆ ನಿಂತು, ಅವಳ ಕೈ ಹೇಗೆ ಆಡುತ್ತದೆ ನೋಡು. ಆಮೇಲೆ ಹೊರಗೆ ಬಂದು, ಇದು ನಾನೇ ಮಾಡಿದ್ದು ಅಕ್ಕ ಅಂತ ನಿನ್ನ ಬಾಯಿಂದ ಹೇಳು. ನನ್ನ ಬಾಯಿಂದ ಹೇಳಿಸಬೇಡ. ಬೇರೆ ಯಾರದೋ ಬಾಯಿಂದ ಅವಳು ಕೇಳುವ ಹಾಗೂ ಮಾಡಬೇಡ. ಬೈದರೆ ಬೈಸಿಕೋ.

ಸರಿಯಾಗಿ ಉಣ್ಣು. ನಿಮ್ಮವ್ವ ಹುರುಳಿಕಾಳು ಕಳಿಸಬೇಕು ಅನ್ನುತ್ತಾಳೆ, ಬಂದರೆ ಇಲ್ಲೇ ತಿನ್ನುತ್ತಾಳೆ ಅಂತ ನಾನು ತಡೆದಿದ್ದೇನೆ.

ನಿನ್ನ ಮೇಲೆ ಸಿಟ್ಟಿರುವ,
ನಿನ್ನಪ್ಪ
ದೊಡ್ಡಮಾದಯ್ಯ

ತಾ.ಕ.: ಕವರಿಗೆ ಅಂಟು ಹಚ್ಚುವ ಹೊತ್ತಿಗೆ ಪವಿತ್ರ ಟೀ ತಂದಳು. ಏನು ಬರೆದೆ ಅಂತ ಕೇಳಿದಳು. ಬಂದು ಒಂದು ಸಲ ನಿನ್ನ ಹಿಂದೆ ನಿಂತು ನಿನ್ನ ಕೆಲಸ ನೋಡಲಿ ಅಂತ ಬರೆದೆ ಅಂದೆ. ಮಿಕ್ಕದ್ದು ಹೇಳಲಿಲ್ಲ. ಅವಳು ಲೋಟ ಕೈಯಲ್ಲೇ ಹಿಡಿದುಕೊಂಡು ನಿಂತಳು.

“ನೋಡವ್ಳೆ ಕಣಪ್ಪ” ಅಂದಳು.

ಆಷಾಢದಲ್ಲಿ ಬಂದವರಲ್ಲಿ ಒಬ್ಬಳು ನೀನಂತೆ. ಎಲ್ಲ ಮುಚ್ಚಿದ್ದರೂ ಹುಬ್ಬಿನ ಮೇಲಿನ ಗಾಯದ ಕಲೆ ಕಂಡಿತಂತೆ, ಚಿಕ್ಕಂದಿನಲ್ಲಿ ಅವಳೇ ನಿನ್ನನ್ನು ಜೋಕಾಲಿಯಿಂದ ಬೀಳಿಸಿ ಆದದ್ದು. ಏನು ಆಗುವುದಿದೆ, ಅದರಲ್ಲಿ ನಿನ್ನ ಕೈಯೂ ಇದೆ ಅಂತ ಅವಳಿಗೆ ಅವತ್ತೇ ಗೊತ್ತಾಯಿತಂತೆ, ಒಳ್ಳೆಯ ಸುದ್ದಿಯಾಗಿದ್ದರೆ ನೀನು ಮನೆಗೆ ಬರುತ್ತಿದ್ದೆ ಅಂತ. ಆದರೂ ಬೇರೆ ದಿನಕ್ಕಿಂತ ಬೇಗ ಬೇಗ ಮಾಡಿದಳಂತೆ. ಸಾಹೇಬರ ಮುಂದೆ ನಿನಗೆ ತಲೆ ತಗ್ಗಿಸುವ ಹಾಗೆ ಆಗಬಾರದು ಅಂತ. ನನ್ನ ಸಿಟ್ಟಿಗೆ ಹೆದರಿ ಇಷ್ಟು ದಿನ ಹೇಳಲಿಲ್ಲವಂತೆ. ಒಂದೇ ವ್ಯಾನಿನಲ್ಲಿ ಕೂತು ನಾನು ಅವಳಿಂದ, ಅವಳು ನನ್ನಿಂದ ಒಂದೇ ಮಾತನ್ನು ಮುಚ್ಚಿಟ್ಟುಕೊಂಡು ಓಡಾಡಿದ್ದೇವೆ.

ನಿನ್ನ ಕಣ್ಣು ತುಂಬಿಬಂತಂತೆ. ಅವಳು ಕೈ ನೀಡಿ ಬಾಗಿಲು ತೋರಿಸಿದಳಂತೆ. ನೀನು ತಿರುಗಿ ನೋಡದೆ ಹೋದೆಯಂತೆ, ಅಲ್ಲಿಂದ ಈಚೆಗೆ ಅವಳಿಗೆ ಒಂದು ಫೋನೂ ಇಲ್ಲವಂತೆ. ಅದು ಅಲ್ಲಿಯ ಕಟ್ಟುಪಾಡು ಅಪ್ಪ, ಯಾರು ಅತ್ತಿದ್ದರೂ ತೋರಿಸುತ್ತಿದ್ದೆ, ಅವಳನ್ನು ಆಚೆಗೆ ಹಾಕಿದ್ದಲ್ಲ, ಅದೊಂದು ಬರಿ ಅಂದಳು. ಬರೆದಿದ್ದೇನೆ.